ಚಿಕ್ಕಮಗಳೂರು, ಹಾಸನದಲ್ಲಿ ಕೂತು ಹೊಸ ಹಾಡು, ಹೊಸ ಡ್ರೆಸ್, ಹೊಸ ಹುಡುಗರ ಕಲೆ ಹುಡುಕೋದು ಹೇಗೆ?

ಕೈಮರ ಕೀಬೋರ್ಡ್:
ನಮಸ್ಕಾರ ಎಲ್ಲರಿಗೂ. ಕೆಲವು ವರ್ಷ ಬೆಂಗಳೂರಲ್ಲಿದ್ದು, ಈಗ ಮನೆಯಿಂದಲೇ ಕೆಲಸ ಅಂತ ಚಿಕ್ಕಮಗಳೂರಿಗೆ ವಾಪಸ್ ಬಂದಿದ್ದೇನೆ. ಬೆಟ್ಟ, ತಂಪು, ಅಮ್ಮನ ಅಡುಗೆ ಎಲ್ಲ ಸರಿ. ಒಂದು ವಿಷಯಕ್ಕೆ ಮಾತ್ರ ತಲೆ ಕೆಡುತ್ತಿದೆ.

ಬೆಂಗಳೂರಲ್ಲಿ ಶನಿವಾರ ಸಂಜೆ ಒಂದು ಬ್ಯಾಂಡ್ ಕೇಳಲು ಹೋದರೆ ಇನ್ನೆರಡು ಬ್ಯಾಂಡ್ ಪರಿಚಯ ಆಗುತ್ತಿದ್ದವು. ಬಾಗಿಲ ಹತ್ತಿರ ಯಾರೋ ತಾವೇ ಪ್ರಿಂಟ್ ಹಾಕಿದ ಟೀ ಶರ್ಟ್ ಮಾರುತ್ತಿದ್ದರು. ಇನ್ಯಾರೋ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದ ಕಾಮಿಕ್ಸ್ ಹರಡಿಕೊಂಡು ಕೂತಿರುತ್ತಿದ್ದರು. ಇಲ್ಲಿ ಸ್ಪಾಟಿಫೈ ತೆರೆದರೆ ಸಿನಿಮಾ ಹಾಡು. ಯೂಟ್ಯೂಬ್ ತೆರೆದರೆ ಅದೇ ಸಿನಿಮಾ ಹಾಡಿನ ಲೋಫೈ, ಅಂದರೆ ನಿಧಾನ ಮಾಡಿ ಮಂದವಾಗಿಸಿದ್ದು. ಕೆಫೆಗೆ ಹೋದರೆ ಟೂರಿಸ್ಟ್‌ಗಳಿಗೋಸ್ಕರ ಹಿಂದಿ ಕವರ್, ಅಂದರೆ ಬೇರೆಯವರ ಹಾಡನ್ನೇ ಮತ್ತೆ ಹಾಡುವುದು. ಈ ಎರಡು ಜಿಲ್ಲೆಯಲ್ಲಿ ಸ್ವಂತ ಹಾಡು ಮಾಡುವವರು, ಬಟ್ಟೆ ಡಿಸೈನ್ ಮಾಡುವವರು, ಚಿತ್ರ ಬರೆಯುವವರು ಇದ್ದೇ ಇರುತ್ತಾರೆ ಅಲ್ವಾ? ನೀವೆಲ್ಲ ಎಲ್ಲಿ ಹುಡುಕುತ್ತೀರಿ?

ಐಜಿ ರೋಡ್ ವಾಸಿ:
ಸಿನಿಮಾ ಹಾಡು ಕೇಳಿದರೆ ಏನಪ್ಪಾ ತಪ್ಪು?

ಕೈಮರ ಕೀಬೋರ್ಡ್:
ತಪ್ಪು ಅಂತ ಯಾರು ಹೇಳಿದರು ಸಾರ್? ದಿನಾ ಅದೇ ಊಟ ಬೇಡ ಅಂದೆ ಅಷ್ಟೇ.

ಹೇಮಾವತಿ ಬೀಟ್ಸ್:
ಗುರು, ನಾನು ಹಾಸನ. ಮನೆಯಲ್ಲೇ ಬೀಟ್ (ಹಾಡಿನ ಹಿಂದಿನ ತಾಳ, ಸಂಗೀತ) ಮಾಡುತ್ತೇನೆ, ಗೆಳೆಯ ರ್‍ಯಾಪ್ ಮಾಡುತ್ತಾನೆ. ಆಪ್‌ಗೆ ಬೈಯುವ ಮೊದಲು ಅದಕ್ಕೆ ಸ್ವಲ್ಪ ಪಾಠ ಹೇಳಬೇಕು. ಸ್ಪಾಟಿಫೈ ಭಾರತಕ್ಕೆ ಬಂದಿದ್ದೇ 2019ರಲ್ಲಿ. ನಮ್ಮ ಮನೆಯಲ್ಲಿ ಅಂದಿನಿಂದ ಒಂದೇ ಅಕೌಂಟ್. ಅಮ್ಮ ದೇವರನಾಮ, ತಂಗಿ ಸಿನಿಮಾ ಹಾಡು, ಅಕ್ಕನ ಮಗು ಶಿಶುಗೀತೆ. ಸೋಮವಾರ ಆಪ್ ತಾನೇ ಆರಿಸಿ ಕೊಡುವ ಡಿಸ್ಕವರ್ ವೀಕ್ಲಿ ಪಟ್ಟಿಯಲ್ಲಿ ಇನ್ನೇನು ಬರುತ್ತೆ? ಮನೆಯವರ ಪ್ಲೇಲಿಸ್ಟ್‌ಗಳನ್ನು ಟೇಸ್ಟ್ ಪ್ರೊಫೈಲ್‌ನಿಂದ (ನಮ್ಮ ರುಚಿಯ ಬಗ್ಗೆ ಆಪ್ ಇಟ್ಟುಕೊಳ್ಳುವ ಲೆಕ್ಕ) ತೆಗೆಯುವ ಆಯ್ಕೆ ಇದೆ, ತೆಗೆದುಬಿಡಿ. ಆಮೇಲೆ ಇಷ್ಟವಾದ ಒಂದು ಹಾಡು ಹಿಡಿದು ಅದರ ಕ್ರೆಡಿಟ್ಸ್ ತೆಗೆದು ನೋಡಿ. ಪ್ರೊಡ್ಯೂಸರ್ ಯಾರು, ಜೊತೆಗೆ ಬರೆದವರು ಯಾರು ಅಂತ ಆ ಹೆಸರು ಹಿಡಿದು ಹೋಗಿ. ನನಗೆ ಒಳ್ಳೆಯದೆಲ್ಲ ಸಿಕ್ಕಿದ್ದು ಆ ದಾರಿಯಲ್ಲೇ, ಪ್ಲೇಲಿಸ್ಟ್‌ನಿಂದ ಅಲ್ಲ.

ಹಳೇ ಕ್ಯಾಸೆಟ್:
ಕ್ರೆಡಿಟ್ಸ್ ನೋಡುವುದು ನಮ್ಮ ಕಾಲದ ಕೆಲಸ ಮಾರಾಯ. ಕ್ಯಾಸೆಟ್ಟಿನ ಒಳಗಿನ ಹಾಳೆ ಬಿಚ್ಚಿ, ಇರುವೆ ಸೈಜಿನ ಅಕ್ಷರ ಓದುತ್ತಿದ್ದೆವು. ತಬಲಾ ಯಾರು, ಕೊಳಲು ಯಾರು, ರೆಕಾರ್ಡಿಂಗ್ ಎಲ್ಲಿ, ಎಲ್ಲ ಬಾಯಿಪಾಠ. ಈಗಿನವರಿಗೆ ಹಾಡಿದವರ ಹೆಸರೂ ಗೊತ್ತಿರುವುದಿಲ್ಲ. ರೀಲ್ಸ್‌ನ ಹದಿನೈದು ಸೆಕೆಂಡ್ ಮಾತ್ರ ಗೊತ್ತು.

ಆಲೂರು ಬೇಸ್:
ಶುರುವಾಯಿತು ನೋಡಿ "ನಮ್ಮ ಕಾಲದಲ್ಲಿ". ಅಣ್ಣ, ಆ ಹದಿನೈದು ಸೆಕೆಂಡಿನಿಂದಲೇ ಎಷ್ಟೋ ಹಳ್ಳಿ ಹುಡುಗರು ಹೊರಗೆ ಬಂದಿದ್ದಾರೆ. ಟಿಕ್‌ಟಾಕ್ 2020ರ ಜೂನ್ ಕೊನೆಗೆ ಬಂದ್ ಆದಾಗ ನಮ್ಮ ಊರಲ್ಲಿ ಇಬ್ಬರು ಮೂವರು ನಿಜವಾಗಿಯೂ ಮಂಕಾಗಿ ಕೂತಿದ್ದರು. ಡ್ಯಾನ್ಸ್ ಮಾಡುವವರು, ಮಿಮಿಕ್ರಿಯವರು. ಅವರಿಗೆ ಬೇರೆ ಸ್ಟೇಜ್ ಎಲ್ಲಿತ್ತು?

ಪೆಂಡಾಲ್ ಹುಡುಗ:
ಸ್ಟೇಜ್ ಇಲ್ಲ ಅನ್ನಬೇಡಿ. ಹಾಸನದಲ್ಲಿ ಗಣೇಶನ ಹಬ್ಬ ಬಂದರೆ ವಾರಗಟ್ಟಲೆ ಆರ್ಕೆಸ್ಟ್ರಾ ಇರುತ್ತೆ. ನಾನು ರಿದಂ ಪ್ಯಾಡ್ ಬಾರಿಸುತ್ತೇನೆ. ಕೈ ತುಂಬ ಕೆಲಸ.

ಕೈಮರ ಕೀಬೋರ್ಡ್:
ಅಲ್ಲಿ ಸ್ವಂತ ಹಾಡು ಹಾಡಲು ಬಿಡುತ್ತಾರಾ?

ಪೆಂಡಾಲ್ ಹುಡುಗ:
ಬಿಡುವುದಿಲ್ಲ. ಒಂದು ಸಲ ನಮ್ಮ ಹುಡುಗ ತಾನೇ ಬರೆದ ಹಾಡು ಶುರು ಮಾಡಿದ. ಪಲ್ಲವಿ ಮುಗಿಯುವ ಮೊದಲೇ ಮುಂದಿನ ಸಾಲಿನಿಂದ ಚೀಟಿ ಬಂತು. "ಬಾಸ್ ಹಾಡು ಹಾಕಿ." ಯಾವ ಬಾಸ್ ಅಂತ ಕೇಳಿದ್ದಕ್ಕೆ ಅಲ್ಲೇ ಎರಡು ಗುಂಪಾಗಿ ಕಿರುಚಾಟ ಶುರುವಾಯಿತು. ಕೊನೆಗೆ ಅಣ್ಣಾವ್ರ ಹಾಡು ಹಾಡಿ ಬಚಾವಾದೆವು.

ಐಜಿ ರೋಡ್ ವಾಸಿ:
ಅಣ್ಣಾವ್ರ ಹಾಡಿಗೆ ಎರಡು ಗುಂಪು ಇಲ್ಲ. ಅದಕ್ಕೇ ಹೇಳಿದ್ದು ಸಿನಿಮಾ ಹಾಡು ಸಾಕು ಅಂತ.

ಮೂಡಿಗೆರೆ ಮಳೆ:
ನನ್ನ ಲಿಸ್ಟ್ ಕೊಡುತ್ತೇನೆ, ಹೊಸಬರಿಗೆ ಉಪಯೋಗ ಆಗಲಿ. ರಘು ದೀಕ್ಷಿತ್ ಪ್ರಾಜೆಕ್ಟ್ ಎಲ್ಲರಿಗೂ ಗೊತ್ತು, ಮೊದಲ ಆಲ್ಬಂ 2008. ಅಲ್ಲಿಂದ ಸ್ವರಾತ್ಮ, ಆಮೇಲೆ ವಾಸು ದೀಕ್ಷಿತ್ ಕಲೆಕ್ಟಿವ್. ರಾಕ್ ಇಷ್ಟ ಇದ್ದರೆ ಲಗೋರಿ. ರ್‍ಯಾಪ್‌ಗೆ ರಾಹುಲ್ ಡಿಟ್ಟೋ, ಎಂಸಿ ಬಿಜ್ಜು. ಶಾಂತವಾಗಿ ಕೂತು ಕೇಳಲು ಬಿಂದುಮಾಲಿನಿ. ಶಿಲ್ಪಾ ಮುಡ್ಬಿ ಎಲ್ಲಮ್ಮನ ಹಾಡುಗಳನ್ನು ಹಾಡುವುದನ್ನು ಒಮ್ಮೆ ಕೇಳಿ, ಹಾಡು ಅಂದರೆ ಏನು ಅನ್ನುವ ಅಂದಾಜೇ ಬದಲಾಗುತ್ತೆ.

ಹೇಮಾವತಿ ಬೀಟ್ಸ್:
ಚಂದನ್ ಶೆಟ್ಟಿ ಬಿಟ್ಟಿರಲ್ಲ! ನಮ್ಮ ಹಾಸನ ಜಿಲ್ಲೆ ಹುಡುಗ. ಆಲ್ ಓಕೆ ಅನ್ನುವ ರ್‍ಯಾಪರ್ ಕೂಡ ಇಲ್ಲ ಲಿಸ್ಟಲ್ಲಿ.

ಮೂಡಿಗೆರೆ ಮಳೆ:
ಬಿಗ್ ಬಾಸ್ ಗೆದ್ದವರು ಇನ್ನೂ ಇಂಡಿನಾ, ಅಂದರೆ ಸ್ವತಂತ್ರವಾಗಿ ಹಾಡು ಮಾಡುವವರಾ?

ಹೇಮಾವತಿ ಬೀಟ್ಸ್:
ಬಿಗ್ ಬಾಸ್ ಐದನೇ ಸೀಸನ್ ಗೆದ್ದಿದ್ದು ಆಮೇಲೆ. ಮೊದಲು ಸಿನಿಮಾ ಇಲ್ಲದೆ, ಸ್ವಂತ ವಿಡಿಯೋ ಹಾಕಿ, ಕನ್ನಡ ರ್‍ಯಾಪನ್ನು ಮದುವೆ ಮನೆ ಡಿಜೆವರೆಗೂ ಮುಟ್ಟಿಸಿದವರಲ್ಲಿ ಅವರೂ ಒಬ್ಬರು. ನಿಮಗೆ ಸಾಹಿತ್ಯ ಹಿಡಿಸದೇ ಇರಬಹುದು, ನನಗೂ ಎಲ್ಲ ಹಿಡಿಸುವುದಿಲ್ಲ. ಜನಕ್ಕೆ ಇಷ್ಟವಾದ ಕೂಡಲೇ "ಇಂಡಿ ಅಲ್ಲ" ಅನ್ನುವುದು ಯಾವ ನ್ಯಾಯ? ಹಾಗಾದರೆ ಇಂಡಿ ಅಂದರೆ ಯಾರೂ ಕೇಳದ ಹಾಡು ಅಂತಾನಾ?

ಬೇಲೂರು ಬಾಲ್ಕನಿ:
ಯಾರೂ ಕೇಳದ ಹಾಡಿಗೆ ದುಡ್ಡೂ ಇಲ್ಲ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗಿರದಿದ್ದರೆ ರಾಯಲ್ಟಿಯ ಲೆಕ್ಕಕ್ಕೇ ಬರುವುದಿಲ್ಲ. ಸಾವಿರ ದಾಟಿದರೂ ಬರುವುದು ಕಾಫಿ ದುಡ್ಡು. ಅದಕ್ಕೆ ನಾನು ಇಷ್ಟವಾದವರದ್ದು ಬ್ಯಾಂಡ್‌ಕ್ಯಾಂಪ್‌ನಲ್ಲಿದ್ದರೆ (ಹಾಡಿದವರೇ ತಮ್ಮ ಹಾಡು ಮಾರುವ ವೆಬ್‌ಸೈಟ್) ಅಲ್ಲೇ ಕೊಳ್ಳುತ್ತೇನೆ. ಅವರು ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿನೈದು ಹಿಡಿದುಕೊಳ್ಳುತ್ತಾರೆ, ಉಳಿದದ್ದರಲ್ಲಿ ಪೇಮೆಂಟ್ ಖರ್ಚು ಕಳೆದು ಹಾಡಿದವರಿಗೆ ಹೋಗುತ್ತೆ. ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ 2020ರ ಮಾರ್ಚ್‌ನಿಂದ ಮಾಡುತ್ತಿದ್ದಾರೆ, ಆ ದಿನ ತಮ್ಮ ಪಾಲನ್ನೂ ಬಿಟ್ಟುಕೊಡುತ್ತಾರೆ. ಕನ್ನಡದವರು ಅಲ್ಲಿ ಕಡಿಮೆ ಅನ್ನುವುದು ಬೇಜಾರು.

ಆಲೂರು ಬೇಸ್:
ಡಾಲರ್‌ನಲ್ಲಿ ಕೊಡಬೇಕಲ್ಲ ಅಕ್ಕ, ನಮ್ಮ ಕಾರ್ಡ್ ಒಪ್ಪುವುದೇ ಇಲ್ಲ. ಹಾಡಿದವರ ಯುಪಿಐ ನಂಬರ್ ಇದ್ದರೆ ಈಗಲೇ ಐವತ್ತು ರೂಪಾಯಿ ಕಳಿಸುತ್ತೇನೆ.

ಹೇಮಾವತಿ ಬೀಟ್ಸ್:
ನನ್ನದು ಕಳಿಸಲಾ?

ಆಲೂರು ಬೇಸ್:
ಮೊದಲು ಹಾಡು ಕಳಿಸು ಮಗಾ.

ಕೆಸರುಗದ್ದೆ ರೆಕಾರ್ಡ್ಸ್:
ಕೊಪ್ಪದ ಹತ್ತಿರ ನಮ್ಮ ತೋಟ. ಹೊರಗೆ ಹುಡುಕುವ ವಿಷಯ ಎಲ್ಲರೂ ಹೇಳುತ್ತಿದ್ದಾರೆ, ಇಲ್ಲಿ ಹಾಡು ಹೇಗೆ ಹುಟ್ಟುತ್ತೆ ಅಂತ ನಾನು ಸ್ವಲ್ಪ ಹೇಳುತ್ತೇನೆ. ಸ್ಟುಡಿಯೋಗೆ ಹೋಗಲು ದುಡ್ಡಿಲ್ಲ, ಆದ್ದರಿಂದ ನಾವು ರೆಕಾರ್ಡ್ ಮಾಡುವುದು ಕಾಫಿ ಸ್ಟೋರಿನಲ್ಲಿ. ಜನವರಿ, ಫೆಬ್ರವರಿಯಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಬೀಜ) ಚೀಲ ಮೂರು ಗೋಡೆಗೂ ಆಳೆತ್ತರ ಜೋಡಿಸಿರುತ್ತೆ. ಆ ಸೆಣಬಿನ ಚೀಲದ ಮಧ್ಯೆ ಒಂದು ಕುರ್ಚಿ, ಒಂದು ಮೈಕ್. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತುಹೋಗುತ್ತೆ. ದುಡ್ಡು ಕೊಟ್ಟು ಗೋಡೆಗೆ ಫೋಮ್ ಅಂಟಿಸಿದರೂ ಅಷ್ಟು ಚೆನ್ನಾಗಿ ಬರುವುದಿಲ್ಲ.

ತಾಪತ್ರಯ ಏನು ಅಂದರೆ, ರೇಟ್ ಚೆನ್ನಾಗಿದೆ ಅಂತ ಅಪ್ಪ ಒಂದು ದಿನ ಲಾರಿ ಕರೆಸಿಬಿಡುತ್ತಾರೆ. ಹಾಡಿನ ಪಲ್ಲವಿ ಚೀಲ ಇದ್ದಾಗ ಮಾಡಿದ್ದು, ಚರಣ ಚೀಲ ಹೋದ ಮೇಲೆ ಮಾಡಿದ್ದು. ಚರಣ ಪೂರ್ತಿ ಎಕೋ! ಕೇಳಿದವರು "ಎಫೆಕ್ಟ್ ಚೆನ್ನಾಗಿದೆ, ಯಾವ ಪ್ಲಗಿನ್" ಅಂತ ಕೇಳುತ್ತಾರೆ. ಜೂನ್ ಬಂತು ಅಂದರೆ ಅಂಗಡಿ ಬಂದ್. ಶೀಟ್ ಮೇಲೆ ಮಳೆ ಬಿದ್ದರೆ ಮೈಕ್‌ಗೆ ಬೇರೆ ಏನೂ ಕೇಳುವುದಿಲ್ಲ. ಮಳೆ ಇಲ್ಲದ ಸಂಜೆ ಜೀರುಂಡೆ. ಅದನ್ನು ತೆಗೆಯಲು ಹೋದರೆ ಹಾಡುವವಳ ಸ ಶ ಎಲ್ಲ ಮೊಂಡಾಗುತ್ತೆ. ಈಗ ಬಿಟ್ಟುಬಿಟ್ಟಿದ್ದೇವೆ. ನಮ್ಮ ಎಲ್ಲ ಹಾಡಲ್ಲೂ ಜೀರುಂಡೆ ಇದೆ.

ಕೈಮರ ಕೀಬೋರ್ಡ್:
ಇದು! ಇಂಥದ್ದೇ ನಾನು ಹುಡುಕುತ್ತಿದ್ದುದು. ಎಲ್ಲಿ ಕೇಳಬಹುದು?

ಕೆಸರುಗದ್ದೆ ರೆಕಾರ್ಡ್ಸ್:
ಇನ್ನೂ ಎಲ್ಲೂ ಹಾಕಿಲ್ಲ. ವಾಟ್ಸಾಪ್‌ನಲ್ಲಿ ಕಸಿನ್‌ಗಳಿಗೆ ಕಳಿಸಿದ್ದೇವೆ.

ಬೇಲೂರು ಬಾಲ್ಕನಿ:
ನೋಡಿ, ಸಮಸ್ಯೆ ಇದೇ. ಹುಡುಕುವವರು ಇದ್ದಾರೆ, ಮಾಡುವವರು ಇದ್ದಾರೆ. ಮಾಡಿದ್ದನ್ನು ಕಸಿನ್‌ಗಳಿಗೆ ಕಳಿಸಿ ಸುಮ್ನೆ ಕೂರುತ್ತಾರೆ.

ಕೆಸರುಗದ್ದೆ ರೆಕಾರ್ಡ್ಸ್:
ಅಕ್ಕ, ಹೆದರಿಕೆ ಬೇರೆ. ಅದರಲ್ಲಿ ಒಂದು ಬೇಂದ್ರೆ ಕವಿತೆ ಇದೆ, ಒಂದು ಶರೀಫರ ಪದ ಇದೆ. ಹಾಕಿದರೆ ಯಾರಾದರೂ ಕೇಸ್ ಹಾಕಿದರೆ?

ಐಜಿ ರೋಡ್ ವಾಸಿ:
ಹಳೇ ಕವಿಗಳದ್ದು ಎಲ್ಲರ ಸ್ವತ್ತು. ಧೈರ್ಯವಾಗಿ ಹಾಕಿ.

ವಕೀಲರ ಮನೆ ಗಿಟಾರ್:
ದಯವಿಟ್ಟು ಹಾಗೆ ಹೇಳಬೇಡಿ ಸಾರ್. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಇರುತ್ತೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಬೇಂದ್ರೆಯವರು ಹೋಗಿದ್ದು 1981ರಲ್ಲಿ. ಅಂದರೆ 2041 ಮುಗಿಯುವವರೆಗೂ ಅನುಮತಿ ಬೇಕು. ಕುವೆಂಪು 1994, ಅವರದ್ದು ಇನ್ನೂ ದೂರ.

ಶರೀಫರ ವಿಷಯದಲ್ಲೂ ಒಂದು ಗಂಟಿದೆ. ಪದ ಹಳೆಯದು, ಸರಿ. ನಮ್ಮ ಕಿವಿಯಲ್ಲಿ ಕೂತಿರುವ ಧಾಟಿ ಮಾತ್ರ ಸಿ. ಅಶ್ವಥ್ ಅವರದ್ದು. ಅದೇ ಧಾಟಿ ಎತ್ತಿಕೊಂಡರೆ ಅದು ಅವರ ಸಂಯೋಜನೆ, ಅದಕ್ಕೆ ಬೇರೆ ಹಕ್ಕು. ನೀವೇ ಹೊಸ ಧಾಟಿ ಹಾಕಿದ್ದರೆ ಯಾರ ಭಯವೂ ಇಲ್ಲ.

ಕೆಸರುಗದ್ದೆ ರೆಕಾರ್ಡ್ಸ್:
ಹೊಸ ಧಾಟಿಯೇ. ಶರೀಫರದ್ದು ಹಾಕುತ್ತೇವೆ, ಬೇಂದ್ರೆಯದ್ದು ಕಸಿನ್‌ಗಳಿಗೇ ಇರಲಿ. ಥ್ಯಾಂಕ್ಸ್ ಸಾರ್.

ಹೇಮಾವತಿ ಬೀಟ್ಸ್:
ಹಕ್ಕಿನ ವಿಷಯ ಬಂತಲ್ಲ, ರ್‍ಯಾಪ್ ಹುಡುಗರು ಇದನ್ನು ಕೇಳಿಸಿಕೊಳ್ಳಿ. ಯೂಟ್ಯೂಬ್‌ನಲ್ಲಿ "ಫ್ರೀ ಟೈಪ್ ಬೀಟ್" ಅಂತ, ಹೆಸರಾದವರ ಶೈಲಿಯಲ್ಲಿ ಮಾಡಿದ ಬೀಟ್ ಸಿಗುತ್ತಲ್ಲ, ಅದು ಫ್ರೀ ಅಲ್ಲ. ಕೆಳಗೆ ಸಣ್ಣದಾಗಿ "ದುಡ್ಡು ಮಾಡುವಂತಿಲ್ಲ" ಅಂತ ಬರೆದಿರುತ್ತಾರೆ. ನನ್ನ ಗೆಳೆಯ ಅಂಥದ್ದರ ಮೇಲೆ ಹಾಡಿ ಎಲ್ಲ ಆಪ್‌ಗೂ ಹಾಕಿಸಿದ. ಹಾಡು ಸ್ವಲ್ಪ ಓಡಲು ಶುರುವಾಗುವ ಹೊತ್ತಿಗೆ ಆ ಬೀಟನ್ನು ಇನ್ಯಾರೋ ದುಡ್ಡು ಕೊಟ್ಟು ಪೂರ್ತಿ ಕೊಂಡುಕೊಂಡಿದ್ದರು. ಒಂದೇ ದಿನಕ್ಕೆ ಹಾಡು ಎಲ್ಲ ಕಡೆ ಮಾಯ. ಬೀಟ್ ತೆಗೆದುಕೊಂಡರೆ ಲೀಸ್ ಕಾಗದ (ಬಳಸಲು ಕೊಟ್ಟ ಒಪ್ಪಿಗೆ ಪತ್ರ) ಇಟ್ಟುಕೊಳ್ಳಿ. ಇಲ್ಲ ಅಂದರೆ ಬ್ಯಾಂಡ್‌ಲ್ಯಾಬ್ ಅನ್ನುವ ಆಪ್ ಫ್ರೀ ಇದೆ, ಫೋನಲ್ಲೇ ನೀವೇ ಮಾಡಿ. ಕೆಟ್ಟದಾಗಿ ಬರಲಿ, ನಿಮ್ಮದಾಗಿರುತ್ತೆ.

ಸಕಲೇಶಪುರ ಲೋಕಲ್:
ಹಳೇ ಪದ ಅಂದಾಗ ನೆನಪಾಯಿತು. ಜಾನಪದ ಜಂಗಮ ಅನ್ನಿಸಿಕೊಂಡ ಎಸ್.ಕೆ. ಕರೀಂ ಖಾನ್ ನಮ್ಮ ಸಕಲೇಶಪುರದವರು. ಊರೂರು ತಿರುಗಿ ಹಾಡು ಕೂಡಿಹಾಕಿದವರು. ಆಪ್ ಇಲ್ಲದ ಕಾಲದಲ್ಲಿ ಅವರು ಹುಡುಕಿದ್ದು ಹೇಗೆ? ನಡೆದು. ಮಲೆನಾಡಿನಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡಿಕೊಂಡು ಮನೆ ಬಾಗಿಲಿಗೇ ಬರುತ್ತಾರೆ. ಸುಗ್ಗಿ ಕುಣಿತ ಇದೆ, ವೀರಗಾಸೆ ಇದೆ. ನಮ್ಮ ಹುಡುಗರಿಗೆ ಲಂಡನ್ ಡ್ರಮ್ಮರ್ ಹೆಸರು ಗೊತ್ತು, ಪಕ್ಕದೂರಲ್ಲಿ ವೀರಗಾಸೆಗೆ ಕರಡೆ ಬಾರಿಸುವವರ ಹೆಸರು ಗೊತ್ತಿಲ್ಲ.

ಆಲೂರು ಬೇಸ್:
ನಿಜ ಅಣ್ಣ, ಒಪ್ಪುತ್ತೇನೆ. ಆದರೆ ಜಾನಪದ ಅಂದ ಕೂಡಲೇ ಫ್ಯೂಷನ್ ಮಾಡಲೇಬೇಕು ಅನ್ನುವ ಒತ್ತಡ ಇದೆಯಲ್ಲ, ಅದು ನನಗೆ ಆಗುವುದಿಲ್ಲ. ಮಲೆನಾಡಿನವನು ಅಂದರೆ ಕಂಬಳಿ ಹೊದ್ದು ಡೊಳ್ಳು ಇಟ್ಟುಕೊಂಡು ಗಿಟಾರ್ ಬಾರಿಸಬೇಕಾ? ನನಗೆ ಮೆಟಲ್, ಅಂದರೆ ಅಬ್ಬರದ ರಾಕ್, ಇಷ್ಟ. ಆಲೂರಲ್ಲಿ ಹುಟ್ಟಿದವನಿಗೂ ಮೆಟಲ್ ಇಷ್ಟ ಆಗಬಹುದು.

ಹಳೇ ಕ್ಯಾಸೆಟ್:
ಮೆಟಲ್ ಅಂದೆಯಾ? ಬಾ ಇಲ್ಲಿ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬ್ಯಾಂಡ್ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಹಾಸನದಿಂದ ಕೆಂಪು ಬಸ್ಸಿನಲ್ಲಿ ಹೋದವರಲ್ಲಿ ನಾನೂ ಒಬ್ಬ. ಎಲ್ಲರೂ ಕಪ್ಪು ಟೀ ಶರ್ಟ್. ಕಂಡಕ್ಟರ್ ನಮ್ಮ ಮುಖ ನೋಡಿ "ಯಾರು ಹೋಗಿಬಿಟ್ಟರಪ್ಪಾ?" ಅಂತ ಮೆಲ್ಲಗೆ ಕೇಳಿದರು.

ಆಲೂರು ಬೇಸ್:
ಅಣ್ಣ, ನಿಮ್ಮ ಮೇಲಿದ್ದ ಕೋಪ ಎಲ್ಲ ಹೋಯಿತು. ಬೆಂಗಳೂರಿನ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ ಕೇಳಿದ್ದೀರಾ?

ಹಳೇ ಕ್ಯಾಸೆಟ್:
ಕೇಳದೇ ಇರುತ್ತೇನಾ? ಮೆಸೇಜ್ ಮಾಡು, ನನ್ನ ಹತ್ತಿರ ಸಿಡಿ ಇದೆ.

ಟೈಲರ್ ಮಗಳು:
ಟೈಟಲ್‌ನಲ್ಲಿ ಡ್ರೆಸ್ ಅಂತ ಇದೆ, ಎಲ್ಲರೂ ಹಾಡಿನ ಹಿಂದೆ ಬಿದ್ದಿದ್ದೀರಿ. ಅರಸೀಕೆರೆಯಲ್ಲಿ ನಮ್ಮಪ್ಪನ ಹೊಲಿಗೆ ಅಂಗಡಿ. ಈಗ ಕಾಲೇಜು ಹುಡುಗರು ಫೋನಲ್ಲಿ ಕೊರಿಯಾದವರ ಫೋಟೋ ತೋರಿಸಿ ಅಂಥದ್ದೇ ಅಗಲ ಪ್ಯಾಂಟ್ ಹೊಲಿಸಿಕೊಳ್ಳುತ್ತಾರೆ. ಅಪ್ಪನಿಗೆ ನಗು. ಟೈಟ್ ಪ್ಯಾಂಟ್ ಬಂದಾಗ ಮೂಲೆಗೆ ಸೇರಿದ್ದ ಹಳೇ ಬೆಲ್‌ಬಾಟಮ್ ಪ್ಯಾಟರ್ನ್ ರಟ್ಟು ಅಟ್ಟದಿಂದ ಇಳಿಸಿದ್ದಾರೆ. ಮೊಣಕಾಲ ಹತ್ತಿರ ಸ್ವಲ್ಪ ಬಿಟ್ಟು ಕಟ್ ಮಾಡಿದರೆ ಸಾಕು ಅಂತಾರೆ.

ನಾನು ಮಾಡುವುದು ಅಜ್ಜಿಯರ ಸೀರೆಯಲ್ಲಿ ಅಂಗಿ. ಇಳಕಲ್ ಸೀರೆಯ ಒಡಲಲ್ಲಿ ಅಂಗಿ ಕತ್ತರಿಸಿ, ಸೆರಗಿನ ಕೆಂಪನ್ನು ಜೇಬಿಗೆ, ಕಾಲರ್ ಒಳಗೆ ಇಡುತ್ತೇನೆ. ಗುಳೇದಗುಡ್ಡದ ಖಣದಲ್ಲಿ ಹುಡುಗರ ಅಂಗಿ ಮಾಡಲು ಹೋದೆ, ಅದರ ಪನ್ನ (ಅಗಲ) ಕಡಿಮೆ, ದೊಡ್ಡ ಸೈಜಿಗೆ ಜೋಡು ಹಾಕಲೇಬೇಕು. ಆ ಜೋಡಿನ ಗೆರೆ ಮುಚ್ಚುವ ಬದಲು ಎದ್ದು ಕಾಣುವ ಹಾಗೆ ಬೇರೆ ಬಣ್ಣದ ದಾರದಲ್ಲಿ ಹೊಲಿದೆ. ಈಗ ಬರುವವರೆಲ್ಲ ಅದೇ ಗೆರೆ ಬೇಕು ಅಂತ ಕೇಳುತ್ತಾರೆ. ಇನ್‌ಸ್ಟಾದಲ್ಲಿ ಹಾಕಿದರೆ ಆರ್ಡರ್ ಬೆಂಗಳೂರು, ಪುಣೆಯಿಂದ ಬರುತ್ತೆ. ಅರಸೀಕೆರೆಯಿಂದ ಬರುವುದು "ಬ್ಲೌಸ್ ಹೊಲಿದುಕೊಡ್ತೀಯಾ" ಅನ್ನುವ ಫೋನ್.

ಬೇಲೂರು ಬಾಲ್ಕನಿ:
ತಂಗೀ, ನನಗೊಂದು ಬೇಕು. ಬ್ಲೌಸ್ ಅಲ್ಲ, ಅಂಗಿ.

ಹೇಮಾವತಿ ಬೀಟ್ಸ್:
ಬಟ್ಟೆ ವಿಷಯದಲ್ಲಿ ನನ್ನದೂ ಒಂದು ದುಃಖ ಇದೆ. ನಮ್ಮ ಹಾಡಿನ ಹೆಸರಲ್ಲಿ ಟೀ ಶರ್ಟ್ ಮಾಡಿಸಿದೆವು. ಎದೆ ಮೇಲೆ ಹೊಯ್ಸಳ ಲಾಂಛನ. ನಮ್ಮ ಕಡೆಯ ಒಬ್ಬ ಪ್ರಿಂಟಿನವರಿಗೆ ಕೊಟ್ಟಿದ್ದು. ಎರಡು ಸಲ ಒಗೆದ ಮೇಲೆ ಸಳನ ತಲೆ ಉದುರಿಹೋಗಿ ಸಿಂಹ ಒಂದೇ ಉಳಿಯಿತು. ಕೊಂಡ ಗೆಳೆಯರು ಈಗಲೂ "ಗೆದ್ದಿದ್ದು ಯಾರು?" ಅಂತ ಕಾಡಿಸುತ್ತಾರೆ.

ಸಕಲೇಶಪುರ ಲೋಕಲ್:
ಕಥೆಯಲ್ಲಿ ಹುಲಿ ಅಲ್ವಾ?

ಬೇಲೂರು ಬಾಲ್ಕನಿ:
ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ಸಿಂಹದ ಥರ. ಇದನ್ನು ಇಲ್ಲಿ ಶುರು ಮಾಡಬೇಡಿ, ನಾಳೆವರೆಗೂ ಮುಗಿಯುವುದಿಲ್ಲ.

ಟೈಲರ್ ಮಗಳು:
ಪ್ರಿಂಟ್ ಉದುರಿದ್ದು ಬಿಸಿ ಸಾಲದೆ. ಪ್ಲಾಸ್ಟಿಸಾಲ್ ಇಂಕ್ ಆದರೆ ಪೂರ್ತಿ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಮೇಲಿನ ಪದರ ಮಾತ್ರ ಅಲ್ಲ. ಹೇರ್ ಡ್ರೈಯರ್ ಹಿಡಿದು "ಒಣಗಿತು" ಅಂತ ಕೊಟ್ಟುಬಿಡುತ್ತಾರೆ. ಮುಂದಿನ ಸಲ ಒಂದೇ ಒಂದು ಸ್ಯಾಂಪಲ್ ಮಾಡಿಸಿ ಪ್ರಿಂಟ್ ಇರುವ ಜಾಗ ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ. ಬಿರುಕು ಬಿಟ್ಟರೆ ತೆಗೆದುಕೊಳ್ಳಬೇಡಿ. ಬಟ್ಟೆ 180 ಜಿಎಸ್‌ಎಂಗಿಂತ (ಚದರ ಮೀಟರ್ ಬಟ್ಟೆಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ) ತೆಳ್ಳಗೆ ಬೇಡ. ಓವರ್‌ಸೈಜ್ ಬೇಕು ಅಂದರೆ 240 ಕೇಳಿ, ಆಗ ಭುಜದಿಂದ ಚೆನ್ನಾಗಿ ಇಳಿಯುತ್ತೆ.

ಒತ್ತಕ್ಷರ:
ಚಿತ್ರದ ಬಗ್ಗೆ ನಾನೂ ಸ್ವಲ್ಪ ಬೈಯಬೇಕು. ಹಾಸನದ ಎಲ್ಲ ಟೀ ಶರ್ಟ್ ಮೇಲೂ ಸಳ, ಚಿಕ್ಕಮಗಳೂರಿನ ಎಲ್ಲ ಟೀ ಶರ್ಟ್ ಮೇಲೂ ಬೆಟ್ಟ, ಸೂರ್ಯ, ಕಾಫಿ ಕಪ್ಪು. ಸಾಕಾಯಿತು. ಬೇಲೂರಿಗೆ ಹೋಗಿ ಶಿಲಾಬಾಲಿಕೆಯರ ತಲೆಕೂದಲು ಕಟ್ಟಿರುವುದನ್ನು ನೋಡಿ, ಎಷ್ಟು ಥರ ಇದೆ! ಬಸ್ ಸ್ಟ್ಯಾಂಡಿನ ಬೋರ್ಡ್ ಬರೆದ ಪೇಂಟರ್ ಅಕ್ಷರ ನೋಡಿ. ಹೆದ್ದಾರಿ ಲಾರಿ ಹಿಂದಿನ ಬರಹ ನೋಡಿ. ಅದೆಲ್ಲ ಯಾಕೆ ಬಟ್ಟೆ ಮೇಲೆ ಬರುವುದಿಲ್ಲ?

ಇನ್ನೊಂದು ಗೋಳು. ಪೋಸ್ಟರ್‌ನಲ್ಲಿ ಕನ್ನಡ ಒಡೆದುಹೋಗಿರುತ್ತೆ. ಒತ್ತು ಪಕ್ಕದಲ್ಲಿ, ದೀರ್ಘ ಇನ್ನೆಲ್ಲೋ. ಫೋಟೋಶಾಪ್‌ನಲ್ಲಿ ಟೈಪ್ ಸೆಟ್ಟಿಂಗ್‌ಗೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಅನ್ನುವುದನ್ನು ಆನ್ ಮಾಡಿ, ಹಳೇ ವರ್ಷನ್ ಆದರೆ ಸೌತ್ ಏಷ್ಯನ್ ಅಂತ ಇರುತ್ತೆ. ಒತ್ತು ತಾನಾಗಿ ಜಾಗಕ್ಕೆ ಬರುತ್ತೆ. ಫಾಂಟ್‌ಗೆ ಪೈರಸಿ ಬೇಡ, ಬಾಲೂ ತಮ್ಮ, ಅನೇಕ್ ಕನ್ನಡ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಫ್ರೀ. ಅನೇಕ್‌ನಲ್ಲಿ ಅಕ್ಷರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಪೋಸ್ಟರಿಗೆ ಹೇಳಿ ಮಾಡಿಸಿದ್ದು.

ಸಕಲೇಶಪುರ ಲೋಕಲ್:
ವಿಂಡೋಸ್‌ನ ಕನ್ನಡ ಫಾಂಟ್ ತುಂಗಾ ಅಂತ ಇರುತ್ತಲ್ಲ, ಅದು ಹೊಳೆ ಹೆಸರೇನಾ?

ಒತ್ತಕ್ಷರ:
ಹೌದು, ನಮ್ಮ ತುಂಗೆಯೇ. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟಿ ವಿಂಡೋಸ್‌ಗೆ ಹೋಗಿ ಸೇರಿತು.

ಐಜಿ ರೋಡ್ ವಾಸಿ:
ಭದ್ರಾ, ನೇತ್ರಾವತಿ ಹೆಸರಲ್ಲಿ ಫಾಂಟ್ ಯಾಕಿಲ್ಲ? ಅವೂ ಅಲ್ಲೇ ಹುಟ್ಟುವುದು. ತಾರತಮ್ಯ.

ನಿರ್ವಾಹಕ:
ವಿಷಯಕ್ಕೆ ಬನ್ನಿ ಸ್ನೇಹಿತರೇ.

ಕೊನೇ ಬಸ್:
ವಿಷಯಕ್ಕೇ ಬರುತ್ತೇನೆ. ನಾನು ಹಾಡುತ್ತೇನೆ, ಬರೆಯುತ್ತೇನೆ, ಹಾಸನದಲ್ಲಿ ಓದುತ್ತಿದ್ದೇನೆ, ಮನೆ ಹಳ್ಳಿ. ನಮ್ಮ ಕಡೆ ಒಂದು ಕೆಫೆಯಲ್ಲಿ ಓಪನ್ ಮೈಕ್, ಯಾರು ಬೇಕಾದರೂ ಬಂದು ಹಾಡಬಹುದು ಅಂತ ಕರೆದರು. ಸಂಜೆ ಆರಕ್ಕೆ ಅಂದಿದ್ದು, ಶುರುವಾಗಿದ್ದು ಎಂಟಕ್ಕೆ. ನನ್ನ ಸರದಿ ಬರುವ ಹೊತ್ತಿಗೆ ಊರಿಗೆ ಕೊನೇ ಬಸ್ ಹೊರಡುವ ಟೈಮ್. ಹಾಡದೇ ಎದ್ದು ಬಂದೆ. ಹಾಡಿದ್ದರೂ ಏನು, ಅಲ್ಲಿದ್ದವರು ಕೇಳುತ್ತಿದ್ದದ್ದು ಹಿಂದಿ ಹಾಡು. ದುಡ್ಡು ಕೇಳಿದವರಿಗೆ "ಎಕ್ಸ್‌ಪೋಶರ್ ಸಿಗುತ್ತೆ" ಅಂದರು. ಒಂದು ಪ್ಲೇಟ್ ಫ್ರೆಂಚ್ ಫ್ರೈಸ್ ಕೊಟ್ಟರು, ಅದೂ ತಣ್ಣಗೆ.

ನೀವೆಲ್ಲ ಹುಡುಕುವುದು ಹೇಗೆ ಅಂತ ಮಾತಾಡುತ್ತಿದ್ದೀರಿ. ಹಾಡುವ ಹುಡುಗಿಯರು ಸಿಗಬೇಕು ಅಂದರೆ ಕಾರ್ಯಕ್ರಮ ಹಗಲಲ್ಲಿ ಇಡಿ. ಮಧ್ಯಾಹ್ನ ಮೂರಕ್ಕೆ ಇಟ್ಟರೆ ಸಂಗೀತ ಏನು ಹಾಳಾಗುತ್ತಾ?

ಟೈಲರ್ ಮಗಳು:
ಮೂರಕ್ಕೆ ಇಟ್ಟರೆ ನಾನೂ ಬರುತ್ತೇನೆ. ಎಂಟಕ್ಕಾದರೆ ಅಪ್ಪನೂ ಬರುತ್ತಾರೆ.

ವಕೀಲರ ಮನೆ ಗಿಟಾರ್:
ಕಾನೂನೂ ಹಗಲಿನ ಕಡೆಗೇ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಹಗಲಲ್ಲೂ ಲಿಖಿತ ಅನುಮತಿ ಬೇಕು, ಪೊಲೀಸ್ ಸ್ಟೇಷನ್‌ಗೆ ಮೊದಲೇ ಅರ್ಜಿ ಕೊಡಿ. ಕೊನೇ ಗಳಿಗೆಯಲ್ಲಿ ಹೋದರೆ ಕೈ ಕಟ್ಟಿ ನಿಲ್ಲಿಸುತ್ತಾರೆ.

ಕೈಮರ ಕೀಬೋರ್ಡ್:
ಎಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಹೇಳುತ್ತೇನೆ. ಆಪ್ ಸರಿಪಡಿಸಿದರೆ ಸಾಲದು, ಒಂದು ಜಾಗ ಬೇಕು. ಕಾಫಿ ಕೊಯ್ಲು ಮುಗಿದು ಒಣಗಿಸಿ ಆದಮೇಲೆ ನಮ್ಮ ಕಣ ಮಳೆಗಾಲದವರೆಗೂ ಖಾಲಿ ಬಿದ್ದಿರುತ್ತೆ. ದೊಡ್ಡ ಸಿಮೆಂಟ್ ಕಣ, ನೂರು ಜನ ಕೂರಬಹುದು. ಭಾನುವಾರ ಮಧ್ಯಾಹ್ನ ಮೂರರಿಂದ ಆರು. ಸ್ವಂತ ಹಾಡು ಮಾತ್ರ, ಕವರ್ ಬೇಡ. ಪಕ್ಕದಲ್ಲಿ ಬಟ್ಟೆ, ಪೋಸ್ಟರ್ ಇಡುವವರು ಇಡಲಿ. ಬಸ್ ಹಿಡಿಯಬೇಕಾದವರಿಗೆ ಮೊದಲ ಸರದಿ.

ಹಳೇ ಕ್ಯಾಸೆಟ್:
ಮೂರು ಗಂಟೆ ಏಪ್ರಿಲ್ ಬಿಸಿಲಲ್ಲಿ ಸಿಮೆಂಟ್ ಕಣದ ಮೇಲೆ ಕೂರಿಸುತ್ತೀಯಾ? ಜನ ಪಾರ್ಚ್‌ಮೆಂಟ್ ಆಗುತ್ತಾರೆ. ಶಾಮಿಯಾನ ಹಾಕಿಸು.

ಬೇಲೂರು ಬಾಲ್ಕನಿ:
ಅಥವಾ ನಾಲ್ಕರಿಂದ ಆರೂವರೆ. ಬೇಲೂರು ಕಡೆಗೆ ಬಸ್ ಸಿಗುತ್ತೆ. ನೀನಾಸಂ ತಿರುಗಾಟದ ನಾಟಕ ಬಂದಾಗ ಜನ ಟಿಕೆಟ್ ಕೊಂಡು ಬಂದು ಕೂರುತ್ತಾರೆ. ಇದಕ್ಕೂ ಐವತ್ತು ರೂಪಾಯಿ ಇಡಿ, ಬಂದದ್ದು ಹಾಡಿದವರಿಗೆ ಹಂಚಿ. ಫ್ರೆಂಚ್ ಫ್ರೈಸ್ ಲೆಕ್ಕ ಬೇಡ.

ಕೊನೇ ಬಸ್:
ನಾಲ್ಕು ಒಪ್ಪಿಗೆ. ನನ್ನ ಹತ್ತಿರ ಮೂರು ಹಾಡು ರೆಡಿ ಇದೆ.

ಆಲೂರು ಬೇಸ್:
ಮೆಟಲ್ ಒಪ್ಪುತ್ತೀರಾ? ಅಕ್ಕಪಕ್ಕದ ತೋಟದವರು ಬೈದರೆ?

ಕೈಮರ ಕೀಬೋರ್ಡ್:
ಕಾಡಿಗೆ ಮುಖ ಮಾಡಿ ಬಾರಿಸು. ಆನೆಯಾದರೂ ಈ ಕಡೆ ಬರುವುದಿಲ್ಲ.

ಸಕಲೇಶಪುರ ಲೋಕಲ್:
ಆನೆ ವಿಷಯ ತಮಾಷೆ ಮಾಡಬೇಡಿ ಮಾರಾಯರೇ, ನಮ್ಮ ಕಡೆ ಸಂಜೆ ಆರಕ್ಕೆ ಮೊಬೈಲ್‌ಗೆ ಆನೆ ಮೆಸೇಜ್ ಬಂದರೆ ಮನೆ ಬಿಡುವುದಿಲ್ಲ. ಆರಕ್ಕೆ ಮುಗಿಸಿ.

ಪೆಂಡಾಲ್ ಹುಡುಗ:
ಮೈಕ್‌ಸೆಟ್ ನಮ್ಮ ಚಿಕ್ಕಪ್ಪನದ್ದು ಇದೆ. ಎರಡು ಬಾಕ್ಸ್, ಮಿಕ್ಸರ್, ನಾಲ್ಕು ಮೈಕ್, ಜನರೇಟರ್. ಕೇಳಿದೆ, ಬಾಡಿಗೆ ಬೇಡ ಅಂದರು, ಡೀಸೆಲ್ ಹಾಕಿಸಿದರೆ ಸಾಕು. ಒಂದೇ ಷರತ್ತು. ಮೈಕ್ ಟೆಸ್ಟಿಂಗ್ ಟೈಮಲ್ಲಿ ಅವರು ಒಂದು ಅಣ್ಣಾವ್ರ ಹಾಡು ಹಾಡುತ್ತಾರೆ.

ಕೈಮರ ಕೀಬೋರ್ಡ್:
ಕವರ್ ಬೇಡ ಅಂತ ಈಗ ತಾನೇ ಬರೆದೆನಲ್ಲ.

ಪೆಂಡಾಲ್ ಹುಡುಗ:
ಜನರೇಟರ್ ಬೇಕೋ ಬೇಡವೋ?

ಐಜಿ ರೋಡ್ ವಾಸಿ:
ಟೆಸ್ಟಿಂಗ್ ಎಷ್ಟು ಗಂಟೆಗೆ ಹೇಳಿ, ನಾನು ಅದಕ್ಕೇ ಬರುತ್ತೇನೆ.

ಕೈಮರ ಕೀಬೋರ್ಡ್:
ಮೂರೂವರೆಗೆ ಬನ್ನಿ ಸಾರ್. ಬರುವಾಗ ನಾಲ್ಕು ಚಾಪೆ ತನ್ನಿ.